ತೊಡೆ ಮೂಳೆ ಮುರಿದ ಮಗುವಿಗೆ ಆಪರೇಷನ್ನೋ, ಪ್ಲಾಸ್ಟರೋ?
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಮಗು ಮರದಿಂದ ಬಿದ್ದು, ಇಲ್ಲವೇ ಬೈಕ್ ತಗುಲಿ ತೊಡೆ ಮೂಳೆ ಮುರಿಯಿತು ಅಂತ ಸಂಘಕ್ಕೆ ಸಾಲದ ಅರ್ಜಿ ಬರುತ್ತದೆ. ಆಗ ನಾವು ಕೇಳುವ ಮಾತು ಒಂದೇ: "ಪಕ್ಕದ ಮನೆ ಮಗುವಿಗೆ ಬರೀ ಪ್ಲಾಸ್ಟರ್ ಹಾಕಿ ಕಳಿಸಿದ್ರು ಸಿಸ್ಟರ್, ನಮಗೆ ಮಾತ್ರ ಆಪರೇಷನ್ ಅಂತಾರೆ, ದುಡ್ಡಿಗೋಸ್ಕರ." ಆದರೆ ಇದರಲ್ಲಿ ಡಾಕ್ಟರು ಮೊದಲು ನೋಡುವುದು ಮಗುವಿನ ವಯಸ್ಸನ್ನು.

6 ತಿಂಗಳೊಳಗಿನ ಕೂಸಿಗೆ ಮೆತ್ತನೆ ಪಟ್ಟಿಯಲ್ಲೇ ಮೂಳೆ ಕೂಡುತ್ತದೆ. ಅಲ್ಲಿಂದ ಸುಮಾರು 5 ವರ್ಷದವರೆಗೆ ಸೊಂಟ ಸೇರಿಸಿ ಕಾಲಿನವರೆಗೆ ಪ್ಲಾಸ್ಟರ್ ಹಾಕ್ತಾರೆ. ಮೂಳೆಯ ತುದಿಗಳು ಒಂದರ ಮೇಲೊಂದು ಸ್ವಲ್ಪ ಸರಿದಿದ್ದರೂ ಗಾಬರಿ ಬೇಡ. ಈ ವಯಸ್ಸಿನಲ್ಲಿ ಮುರಿದ ಮೂಳೆ ತುಸು ಹೆಚ್ಚೇ ಬೆಳೆದು ಒಂದು ಸೆಂಟಿಮೀಟರಿನಷ್ಟು ಕೊರತೆ ತುಂಬಿಕೊಳ್ಳುತ್ತದೆ. ಆದರೆ ಕಾಲು ತಿರುಚಿಕೊಂಡು ಕೂಡಿದರೆ ಅದು ಅಷ್ಟು ಸುಲಭವಾಗಿ ನೇರವಾಗುವುದಿಲ್ಲ. ಅದಕ್ಕೇ ಹೇಳಿದ ದಿನ ಎಕ್ಸ್‌ರೇಗೆ ತಪ್ಪದೆ ಹೋಗಬೇಕು.

5ರಿಂದ 11 ವರ್ಷದ ಮಕ್ಕಳಿಗೆ ಸಾಮಾನ್ಯವಾಗಿ ಬಾಗುವಂಥ ಎರಡು ತೆಳು ಸರಳುಗಳನ್ನು ಮೂಳೆಯೊಳಗೆ ಹಾಕುತ್ತಾರೆ. ಮಗು ಬೇಗ ಎದ್ದು ಕೂರುತ್ತದೆ, ಶಾಲೆಗೂ ಬೇಗ ಹೋಗುತ್ತದೆ. ಮೂಳೆ ಕೂಡಿದ ಮೇಲೆ ಸರಳು ತೆಗೆಯಲು ಇನ್ನೊಂದು ಆಪರೇಷನ್ ಬೇಕಾಗಬಹುದು. ಆ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ಇನ್ನೂ ದೊಡ್ಡವರಿಗೆ ಗಟ್ಟಿ ರಾಡು. ಗಾಯ ಬಾಯಿಬಿಟ್ಟಿದ್ದರೆ ಎಷ್ಟೇ ವಯಸ್ಸಾಗಿರಲಿ, ತೊಳೆದು ಸ್ವಚ್ಛ ಮಾಡಲು ಆಪರೇಷನ್ ಬೇಕೇ ಬೇಕು.

ಪ್ಲಾಸ್ಟರ್ ಅಂದ್ರೆ ಖರ್ಚಿಲ್ಲ ಅಂತ ಗಂಡಸರು ಹೇಳ್ತಾರೆ. ನಾಲ್ಕರಿಂದ ಎಂಟು ವಾರ ಕೂಲಿ ಬಿಟ್ಟು ಕೂರುವವಳು ತಾಯಿ ತಾನೆ? ಉಚ್ಚೆ, ಕಕ್ಕಸು ಒಳಗೆ ಇಳಿಯದಂತೆ ಬಟ್ಟೆ ಬದಲಿಸಬೇಕು, ರಾತ್ರಿಯೂ ಎದ್ದು ಮಗ್ಗುಲು ಬದಲಿಸಬೇಕು. ಕಾಲುಗಳ ನಡುವಿನ ಕೋಲು ಹಿಡಿದು ಮಗುವನ್ನು ಎತ್ತಬಾರದು. ತುರಿಸುತ್ತೆ ಅಂತ ಒಳಗೆ ಕಡ್ಡಿ ಹಾಕಬಾರದು. ಆದ್ದರಿಂದ ಆಪರೇಷನ್‌ಗೆ ಸಾಲ ಕೊಡುವ ಸಂಘ, ಪ್ಲಾಸ್ಟರ್ ಹಾಕಿದ ಮಗುವಿನ ತಾಯಿಗೂ ಕೊಡಬೇಕು ಅನ್ನುವುದು ನಮ್ಮ ಅಭಿಪ್ರಾಯ. ಆ ವಾರಗಳ ಕಂತನ್ನು ಮುಂದಕ್ಕೆ ಹಾಕಿದರೂ ಆಯಿತು.

ಬೆರಳು ನೀಲಿಯಾದರೆ, ತಣ್ಣಗಾದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ. ಬಿದಿರು ಪಟ್ಟಿ ಬಿಗಿದು ಕಟ್ಟಿಸಿದಲ್ಲಿ ರಕ್ತ ನಿಂತು ಕಾಲನ್ನೇ ತೆಗೆಯಬೇಕಾಗಬಹುದು.

ಇನ್ನೊಂದು ಮಾತು. ನಡೆಯಲು ಬಾರದ ಕೂಸಿನ ತೊಡೆ ಮುರಿದಿದ್ದರೆ ಡಾಕ್ಟರು ಮನೆಯವರನ್ನು ಬಗೆಬಗೆಯಾಗಿ ಪ್ರಶ್ನಿಸುತ್ತಾರೆ. ಸಿಟ್ಟಾಗಬೇಡಿ, ಅದು ಕೂಸಿನ ರಕ್ಷಣೆಗೆ.

ಮಗು ಬಿದ್ದರೆ ಕಾಲನ್ನು ಎಳೆಯದೆ, ಹಲಗೆ ಇಟ್ಟು ಮೆತ್ತಗೆ ಕಟ್ಟಿ 108ಕ್ಕೆ ಫೋನ್ ಮಾಡಿ. ಡಾಕ್ಟರು ನೋಡುವವರೆಗೆ ಊಟ, ಹಾಲು ಏನೂ ಬೇಡ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ರೇಷನ್ ಕಾರ್ಡು, ಆಧಾರ್ ಎರಡನ್ನೂ ಆಸ್ಪತ್ರೆಗೆ ಹೊರಡುವಾಗಲೇ ಕೈಯಲ್ಲಿ ಹಿಡಿದುಕೊಳ್ಳಿ.