ಕೋಟೆ, ಸೈಕಲ್, ಹುಳು



ಮುಂಬಯಿಯ ಕನ್ನಡಿಗರು ಪ್ರದರ್ಶನ ಏರ್ಪಡಿಸಿದರೆ ಅಲ್ಲಿ ಏನೇನಿರುತ್ತದೆ ಎಂಬುದು ನಮಗೆಲ್ಲ ಬಾಯಿಪಾಠ. ಯಕ್ಷಗಾನದ ಕಿರೀಟ, ಹಳೆಯ ಪುಸ್ತಕ, ಮೂಲೆಯಲ್ಲೊಂದು ನೀರುದೋಸೆಯ ಮಳಿಗೆ. ದೋಸೆಯ ಮುಂದೆ ಊರಿಗೆ ಊರೇ ನಿಂತಿರುತ್ತದೆ, ಪುಸ್ತಕದ ಮುಂದೆ ಒಬ್ಬ ಸ್ವಯಂಸೇವಕ ಆಕಳಿಸುತ್ತಿರುತ್ತಾನೆ. ಈ ಸಲದ ಆಮಂತ್ರಣ ಪತ್ರಿಕೆ ಕೈಗೆ ಬಂದಾಗ ಪ್ರೆಸ್ಸಿನವರು ಮೂರು ಬೇರೆ ಬೇರೆ ಕಾರ್ಯಕ್ರಮಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಹಾಕಿಬಿಟ್ಟರೇನೋ ಎಂದುಕೊಂಡೆ. ಮೊದಲ ಕೋಣೆಯಲ್ಲಿ ರಾಜರ ಕೋಟೆ, ಎರಡನೆಯದರಲ್ಲಿ ಸೈಕಲ್ ಕಳ್ಳತನ, ಮೂರನೆಯದರಲ್ಲಿ ಬೆಳೆ ತಿನ್ನುವ ಹುಳು! ಸಂಘಟಕರಿಗೆ ಫೋನ್ ಮಾಡಿ ಕೇಳಿದರೆ, ವಿಷಯ ಆರಿಸಿದವರು ಪ್ರದರ್ಶನ ಕಟ್ಟಿದ ಮಕ್ಕಳೇ ಅಂದರು. ಒಂದು ಗುಂಪಿಗೆ ಮನೆಯ ಹತ್ತಿರದ ಕೋಟೆ ಬೇಕಾಯಿತು. ಇನ್ನೊಂದು ಗುಂಪಿನ ಹುಡುಗನ ಸೈಕಲ್ ಚಾಳಿನ ಮೆಟ್ಟಿಲ ಕೆಳಗಿಂದ ಮಾಯವಾಗಿತ್ತು. ಮೂರನೆಯ ಗುಂಪು ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜನ ತೋಟದಲ್ಲಿ ಹುಳು ಕಂಡು ಬಂದಿತ್ತು. ದೊಡ್ಡವರು ಕೂತು ಯೋಜನೆ ಹಾಕಿದ್ದರೆ ಈ ಮೂರು ವಿಷಯ ಒಟ್ಟಿಗೆ ಬರುತ್ತಿರಲಿಲ್ಲ. ಬಂದದ್ದು ಒಳ್ಳೆಯದೇ ಆಯಿತು, ಯಾಕೆಂದು ಹೇಳುತ್ತೇನೆ.

ಮೊದಲ ಕೋಣೆಯಲ್ಲಿರುವ, ಬಾಂದ್ರಾದ ಲ್ಯಾಂಡ್ಸ್ ಎಂಡ್ ತುದಿಯ ಕೋಟೆಯನ್ನು ನೀವೆಲ್ಲ ನೋಡಿದ್ದೀರಿ. ಸಂಜೆ ಅಲ್ಲಿ ಜೋಡಿಗಳು ಕೂರುತ್ತವೆ, ಸೀ ಲಿಂಕ್ ಹಿನ್ನೆಲೆಗೆ ಬರುವ ಹಾಗೆ ಫೋಟೊ ತೆಗೆಸಿಕೊಳ್ಳುತ್ತವೆ. ಕಾಸರಗೋಡಿನ ಬೇಕಲ ಕೋಟೆ, ಚಿತ್ರದುರ್ಗದ ಏಳುಸುತ್ತಿನ ಕೋಟೆ ಕಂಡ ಕಣ್ಣಿಗೆ ಇದು ಕೋಟೆ ಅನ್ನಿಸುವುದೇ ಇಲ್ಲ. ಪೋರ್ಚುಗೀಸರು 1640ರಲ್ಲಿ ಕಟ್ಟಿದ ಕಾವಲುಠಾಣೆ ಇದು. ಹೆಸರು ಕಾಸ್ಟೆಲಾ ದೆ ಅಗ್ವಾದಾ. ಪೋರ್ಚುಗಲ್ ದೊರೆಗೆ ಸೇರಿದ ಕೋಟೆಯಾದರೂ ಯಾವ ದೊರೆಯೂ ಇಲ್ಲಿ ಒಂದು ರಾತ್ರಿ ಮಲಗಿದವನಲ್ಲ. ಮಾಹಿಮ್ ಕೊಲ್ಲಿಗೆ ಯಾರು ನುಗ್ಗುತ್ತಾರೆ ಎಂದು ಕಣ್ಣಿಡುವುದು, ಹಾದು ಹೋಗುವ ಹಡಗುಗಳಿಗೆ ಸಿಹಿನೀರು ಒದಗಿಸುವುದು, ಇಷ್ಟೇ ಇದರ ಕೆಲಸ.

ಆಮೇಲೆ ಒಂದು ಮದುವೆ ನಡೆಯಿತು. ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್‌ಗೆ ಕೊಡುವಾಗ, 1661ರ ಒಪ್ಪಂದದಲ್ಲಿ ಮುಂಬಯಿ ದ್ವೀಪವನ್ನೂ ವರದಕ್ಷಿಣೆಗೆ ಸೇರಿಸಿದರು. ಬಾಂದ್ರಾ ಇದ್ದ ಸಾಲ್ಸೆಟ್ ದ್ವೀಪ ಮಾತ್ರ ಪೋರ್ಚುಗೀಸರಲ್ಲೇ ಉಳಿಯಿತು. ಅಲ್ಲಿಗೆ ನಮ್ಮ ಈ ಮಾಹಿಮ್ ಕೊಲ್ಲಿ ಎರಡು ರಾಜ್ಯಗಳ ಗಡಿಯಾಯಿತು: ಆಚೆ ದಡದಲ್ಲಿ ಇಂಗ್ಲಿಷರ ಮಾಹಿಮ್ ಕೋಟೆ, ಈಚೆ ದಡದಲ್ಲಿ ಪೋರ್ಚುಗೀಸರ ಬಾಂದ್ರಾ ಕೋಟೆ. ಇಷ್ಟು ದೊಡ್ಡ ಬಳುವಳಿ ಪಡೆದ ಅಳಿಯ ಮಾಡಿದ್ದೇನು? 1668ರಲ್ಲಿ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಇವತ್ತು ಬಾಂದ್ರಾದಲ್ಲಿ ಮನೆ ಬಾಡಿಗೆ ಕೊಡುತ್ತಿರುವವರು ಈ ಮಾತು ಕೇಳಿ ಎದೆ ಹಿಡಿದುಕೊಳ್ಳಬಾರದು.

ಹೋಗಲಿ, ಕೋಟೆ ಹೇಗೆ ಬಿತ್ತು? ಮಕ್ಕಳು ಚಿತ್ರ ಬರೆದಿದ್ದಾರೆ, ಫಿರಂಗಿ, ಹೊಗೆ ಎಲ್ಲ ಇದೆ. ಚಿತ್ರ ಚೆಂದವಾಗಿದೆ. ಆದರೆ ನಡೆದದ್ದು ಇನ್ನೂ ವಿಚಿತ್ರ. 1739ರ ಮೇ ತಿಂಗಳಲ್ಲಿ ಮರಾಠರ ಚಿಮಾಜಿ ಅಪ್ಪಾನ ಸೇನೆ ಪೋರ್ಚುಗೀಸರ ವಸಯಿ ಕೋಟೆಯನ್ನು ಗೆದ್ದುಕೊಂಡಿತು. ಸಾಲ್ಸೆಟ್ ಆಗಲೇ ಮರಾಠರ ಕೈ ಸೇರಿತ್ತು. ಬಾಂದ್ರಾದ ಕೋಟೆಯೂ ಅವರಿಗೆ ಸಿಕ್ಕರೆ ಮುಂಬಯಿಗೇ ಅಪಾಯ ಎಂದು ಇಂಗ್ಲಿಷರು ಹೆದರಿದರು. ಪೋರ್ಚುಗೀಸರ ಒಪ್ಪಿಗೆ ಪಡೆದು ತಾವೇ ಅದನ್ನು ಒಡೆದು ಹಾಕಿದರು. ಅಂದರೆ ಸಮುದ್ರದ ಕಡೆಗೆ ತೋಪು ತಿರುಗಿಸಿ ನೂರು ವರ್ಷ ಕಾದ ಕೋಟೆಯನ್ನು ಕೆಡವಿದ್ದು ಸಮುದ್ರದಿಂದ ಬಂದ ಶತ್ರುವಲ್ಲ, ಎದುರು ದಡದ ನೆರೆಯವನು. ಅದೂ ಯಜಮಾನನ ರುಜು ಹಾಕಿಸಿಕೊಂಡು!

ಈಗ ಎರಡನೆಯ ಕೋಣೆ. ಬಾಗಿಲಲ್ಲೇ ಇಟಲಿಯ ಸಿನಿಮಾ ಒಂದರ ಬಗ್ಗೆ ಫಲಕ ಇದೆ. ವಿತ್ತೋರಿಯೊ ದೆ ಸೀಕಾ 1948ರಲ್ಲಿ ಮಾಡಿದ ‘ಬೈಸಿಕಲ್ ಥೀವ್ಸ್’. ಸೈಕಲ್ ಇದ್ದವನಿಗೆ ಮಾತ್ರ ಕೆಲಸ ಎಂದಾಗ ಹೆಂಡತಿ ಮನೆಯ ಹಾಸಿಗೆ ಬಟ್ಟೆಗಳನ್ನೇ ಒತ್ತೆಯಿಟ್ಟು ಗಂಡನ ಸೈಕಲ್ ಬಿಡಿಸಿ ತರುತ್ತಾಳೆ. ಗೋಡೆಗೆ ಸಿನಿಮಾ ಪೋಸ್ಟರ್ ಅಂಟಿಸುವ ಕೆಲಸ. ಮೊದಲ ದಿನವೇ ಸೈಕಲ್ ಹೋಗುತ್ತದೆ. ಅಪ್ಪ ಮತ್ತು ಪುಟ್ಟ ಮಗ ರೋಮ್ ನಗರವೆಲ್ಲ ಅಲೆಯುತ್ತಾರೆ. ಕೊನೆಗೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ, ನೋಡಿಲ್ಲದವರು ನೋಡಿ. 1952ರ ಜನವರಿಯಲ್ಲಿ ನಮ್ಮ ದೇಶದ ಮೊದಲ ಅಂತರರಾಷ್ಟ್ರೀಯ ಚಿತ್ರೋತ್ಸವ ಶುರುವಾದದ್ದು ಇದೇ ಮುಂಬಯಿಯಲ್ಲಿ, ಅದರಲ್ಲಿ ಈ ಚಿತ್ರವಿತ್ತು. ಮರುವರ್ಷವೇ ಅದೇ ಜಾಡಿನ, ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ ಬಂತು. ಅದರಲ್ಲಿ ಹೋದದ್ದು ಸೈಕಲ್ ಅಲ್ಲ, ರೈತನ ಹೊಲ. ಚಿತ್ರರಂಗದವರ ಬೀಡಾದ ಬಾಂದ್ರಾದಲ್ಲಿ ಸೈಕಲ್ ಕಳೆದುಕೊಂಡವನ ಕಥೆಯನ್ನು ಮಕ್ಕಳು ನೆನೆಸಿದ್ದು ನನಗೆ ತುಂಬ ಇಷ್ಟವಾಯಿತು.

ಸೈಕಲ್ ಕಳ್ಳತನ ಅಂದರೆ ಕೆಲವರು ನಗುತ್ತಾರೆ. ಕಾರು ಹೋದರೆ ಸುದ್ದಿ, ಸೈಕಲ್ ಹೋದರೆ ಏನು ಮಹಾ ಎಂಬ ಧೋರಣೆ. ಬೆಳಿಗ್ಗೆ ನಿಮ್ಮ ಬಾಗಿಲಿಗೆ ಪಾವ್ ತರುವವನ ಹತ್ತಿರ, ಚರ್ಚ್‌ಗೇಟಿನ ಕಚೇರಿಗೆ ಊಟ ಮುಟ್ಟಿಸುವ ಡಬ್ಬಾವಾಲಾನ ಹತ್ತಿರ, ರಾತ್ರಿ ಹನ್ನೆರಡಕ್ಕೆ ಫ್ಲಾಸ್ಕ್ ಕಟ್ಟಿಕೊಂಡು ಚಹಾ ಮಾರುವ ಹುಡುಗನ ಹತ್ತಿರ ಹೋಗಿ ಈ ಮಾತು ಹೇಳಿ ನೋಡಿ. ಅವರ ಅಂಗಡಿ, ಆಫೀಸು, ಬಂಡವಾಳ ಎಲ್ಲ ಆ ಎರಡು ಚಕ್ರದ ಮೇಲೇ ಇರುವುದು. ಸೈಕಲ್ ಹೋದ ದಿನವೇ ಅವರ ದುಡಿಮೆಯೂ ನಿಲ್ಲುತ್ತದೆ.

ನಮ್ಮ ಕಾಲದಲ್ಲಿ ಊರಿನ ಪಂಚಾಯತಿಗೋ ಮುನಿಸಿಪಾಲಿಟಿಗೋ ವರ್ಷಕ್ಕೊಮ್ಮೆ ತೆರಿಗೆ ಕಟ್ಟಿ ಸೈಕಲ್ಲಿಗೆ ಬಿಲ್ಲೆ ಹಾಕಿಸಬೇಕಿತ್ತು. ಡೈನಮೊ ಇಲ್ಲದೆ ರಾತ್ರಿ ಹೊರಟರೆ ಪೊಲೀಸಪ್ಪ ಗಾಳಿ ಬಿಡುತ್ತಿದ್ದ. ಕಿರಿಕಿರಿ ಎನ್ನಿ, ಆದರೆ ಯಾರ ಸೈಕಲ್ ಯಾವುದು ಎಂಬುದಕ್ಕೆ ಒಂದು ಲೆಕ್ಕವಿತ್ತು. ಈಗ ಆ ಲೆಕ್ಕ ಇಡುವವರಿಲ್ಲ. ಎಷ್ಟೋ ಜನ ದೂರು ಕೊಡುವುದೇ ಇಲ್ಲ, ಕೊಡಲು ಹೋದವರ ಹತ್ತಿರ ರಸೀದಿ ಇರುವುದಿಲ್ಲ. ಪೆಡಲ್ ಕೂರುವ ಜಾಗದ ಅಡಿಯಲ್ಲಿ, ಸೈಕಲ್ ತಲೆಕೆಳಗೆ ಮಾಡಿದರೆ ಕಾಣುವ ಹಾಗೆ, ಕಂಪನಿಯವರು ಕೊರೆದ ಒಂದು ಸಂಖ್ಯೆ ಸಾಮಾನ್ಯವಾಗಿ ಇರುತ್ತದೆ. ಅದನ್ನು ಬರೆದಿಟ್ಟುಕೊಂಡವರು ಈ ಸಭೆಯಲ್ಲಿ ಎಷ್ಟು ಜನ? ಕೈ ಎತ್ತಿ. ಹೂಂ, ಗೊತ್ತಾಯಿತು, ಇಳಿಸಿ.

ಕಾನೂನಿನ ಮಾತೊಂದು ಹೇಳಲೇಬೇಕು, ಯಾಕೆಂದರೆ ಫಲಕದಲ್ಲಿ ಅದು ಬಿಟ್ಟುಹೋಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಲ್ಲಿ ಹೊಸದೊಂದು ಅವಕಾಶವಿದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಆರೋಪ ಸಾಬೀತಾದವನಿಗೆ ಅದು ಮೊದಲನೆಯ ಶಿಕ್ಷೆಯಾಗಿದ್ದು, ಅವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ, ಜೈಲಿನ ಬದಲು ಸಮುದಾಯ ಸೇವೆ ಮಾಡಿಸಬೇಕು. ಹಳೆಯ ಸೈಕಲ್ ಹೆಚ್ಚು ಕಡಿಮೆ ಈ ಬೆಲೆಯೊಳಗೇ ಬರುತ್ತದೆ. ಇದು ಒಳ್ಳೆಯ ಕಾನೂನು ಎಂಬುದು ನನ್ನ ಅಭಿಪ್ರಾಯ. ಗಲ್ಲಿಯ ಸೈಕಲ್ಲನ್ನು ಬಹಳ ಸಲ ಕದಿಯುವವನು ಗಲ್ಲಿಯ ಪರಿಚಯ ಇರುವವನೇ. ಬೀಗ ಹಾಕುವುದು ಯಾವಾಗ, ಮೆಟ್ಟಿಲ ಕೆಳಗೆ ದೀಪ ಕೆಟ್ಟಿರುವುದು ಯಾವಾಗ ಎಂದು ಅವನಿಗೆ ಗೊತ್ತು. ಹದಿನೆಂಟು ತುಂಬಿದ ಹುಡುಗನೊಬ್ಬನನ್ನು ಜೈಲಿಗೆ ಕಳಿಸಿ ಪಕ್ಕಾ ಕಳ್ಳನನ್ನು ವಾಪಸು ತರಿಸಿಕೊಳ್ಳುವುದಕ್ಕಿಂತ, ಅವನ ಕೈಯಲ್ಲಿ ಬೀಚ್ ಗುಡಿಸಿಸುವುದು ವಾಸಿ.

ಹೀಗೆ ಪರಿಚಯದವರೇ, ಒಳಗಿನವರೇ ಹೂಡುವ ಸಂಚಿನ ಮಾತು ಬಂದಾಗ ಇದೇ ಬಾಂದ್ರಾದ ಕಡಲ ಬದಿಯಲ್ಲಿ ಬಹುಕಾಲ ಬಾಳಿದ ಕಾದಂಬರಿಕಾರ ಯಶವಂತ ಚಿತ್ತಾಲರನ್ನು ನೆನೆಯದೆ ಮುಂದೆ ಹೋಗಲಾರೆ. 1979ರ ಅವರ ಕಾದಂಬರಿ ‘ಶಿಕಾರಿ’ಯ ನಾಯಕ ನಾಗಪ್ಪನನ್ನು ಬೇಟೆಯಾಡುವವರಲ್ಲಿ ಅವನ ಕಂಪನಿಯೊಳಗಿನವರೇ ಇದ್ದಾರೆ.

ಮೂರನೆಯ ಕೋಣೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಮುಂಬಯಿಯಲ್ಲಿ ಹೊಲವೆಲ್ಲಿ, ಹುಳುವೆಲ್ಲಿ ಎನ್ನಬೇಡಿ. ಪಾಲಿ, ಚುಯಿಮ್, ಶೆರ್ಲಿ, ರಾನ್ವಾರ್ ಎಂದು ಇವತ್ತು ನೀವು ರಿಕ್ಷಾದವನಿಗೆ ಹೇಳುವ ಹೆಸರುಗಳು ಬಾಂದ್ರಾದ ಹಳ್ಳಿಗಳದ್ದು, ಅಲ್ಲಿನವರು ಭತ್ತ, ತರಕಾರಿ ಬೆಳೆದವರು. ಹುಳುವೂ ಇಲ್ಲಿದೆ: ಕಳೆದ ದಶಕದಲ್ಲಿ ಈ ನಗರದ ಎಷ್ಟೋ ದೊಡ್ಡ ಮಳೆಮರಗಳನ್ನು ಒಣಗಿಸಿದ್ದು ಹಿಟ್ಟುತಿಗಣೆ ಎಂಬ ಬೆಳ್ಳನೆಯ ಪುಟ್ಟ ಕೀಟ.

2020ರ ಮೇ ತಿಂಗಳು ನೆನಪಿದೆಯೇ? ಲಾಕ್‌ಡೌನ್ ಕಾಲ. ಮಿಡತೆಯ ದಂಡು ರಾಜಸ್ಥಾನ ದಾಟಿ ವಿದರ್ಭಕ್ಕೆ ಬಂದಿತ್ತು. ಮುಂಬಯಿಗೇ ಬಂತು ಎಂದು ವಾಟ್ಸ್ಯಾಪಿನಲ್ಲಿ ವಿಡಿಯೊ ಹರಿದಾಡಿ, ಜನ ಕಿಟಕಿ ಮುಚ್ಚಿಕೊಂಡು ಕೂತರು. ನಗರಪಾಲಿಕೆಯವರು ಹಾಗೇನೂ ಇಲ್ಲ ಎಂದು ಹೇಳಬೇಕಾಯಿತು. ಆಕಾಶ ಕಪ್ಪಾಗಿಸಿಕೊಂಡು ಬರುವ ಶತ್ರುವಿಗೆ ನಾವು ಹೆದರುವುದು ಹೀಗೆ.

ಅದಕ್ಕೂ ಎರಡು ವರ್ಷ ಮೊದಲು, 2018ರ ಮೇ ತಿಂಗಳಲ್ಲಿ, ಸದ್ದಿಲ್ಲದೆ ಇನ್ನೊಂದು ದಂಡು ಬಂದಿತ್ತು. ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯದವರು ಮೆಕ್ಕೆಜೋಳದ ಹೊಲದಲ್ಲಿ ಹೊಸದೊಂದು ಹುಳು ಕಂಡರು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು. ನಮ್ಮ ರೈತರ ಬಾಯಲ್ಲಿ ಲದ್ದಿಹುಳು. 2016ರಲ್ಲಿ ಆಫ್ರಿಕಕ್ಕೆ ಬಂದಿದ್ದ ಈ ಹುಳು ಏಷ್ಯಾದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಕರ್ನಾಟಕದಲ್ಲಿ. ವರ್ಷ ತುಂಬುವುದರೊಳಗೆ ಚೀನಾದಲ್ಲೂ ಕಂಡಿತು, 2020ರ ಹೊತ್ತಿಗೆ ಆಸ್ಟ್ರೇಲಿಯಾದಲ್ಲೂ. ಇದರ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೊಮೀಟರಿನಷ್ಟು ಹಾರಬಲ್ಲದು. ಹುಳು ಮಾತ್ರ ಹಗಲಲ್ಲಿ ಸುಳಿಯೊಳಗೆ ಅಡಗಿ ಕೂತಿರುತ್ತದೆ, ಮೇಲಿಂದ ಔಷಧಿ ಹೊಡೆದರೆ ಅದಕ್ಕೆ ತಾಗುವುದು ಅಷ್ಟಕ್ಕಷ್ಟೆ. ಎಲೆಯಲ್ಲಿ ಸಾಲು ತೂತು, ಸುಳಿಯಲ್ಲಿ ಮರದ ಹೊಟ್ಟಿನಂಥ ಲದ್ದಿ, ಹುಳುವಿನ ತಲೆಯ ಮೇಲೆ ತಲೆಕೆಳಗಾದ ‘ವೈ’ ಅಕ್ಷರದ ಗುರುತು, ಬಾಲದ ಬಳಿ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಮಕ್ಕಳು ಇದನ್ನು ಮಣ್ಣಿನಲ್ಲಿ ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ, ನಮ್ಮ ಅಧ್ಯಕ್ಷರು ಆಗಲೇ ಒಂದು ಹೆಜ್ಜೆ ಹಿಂದೆ ಸರಿದರು!

ಈ ಹುಳುವಿಗೆ ರೈತರು ಏನು ಮಾಡಿದರು? ದುಬಾರಿ ಔಷಧಿ ತಂದು ಸೋತವರೂ ಇದ್ದಾರೆ. ಬೆಳಿಗ್ಗೆ ಸಾಲು ಸಾಲು ಓಡಾಡಿ, ಎಲೆಯ ಮೇಲಿನ ಮೊಟ್ಟೆಯ ಗುಂಪನ್ನು ಕೈಯಿಂದಲೇ ಹೊಸಕಿದವರಿದ್ದಾರೆ. ಒಂದು ಗುಂಪಿನಲ್ಲಿ ನೂರಿನ್ನೂರು ಮೊಟ್ಟೆ. ಸುಳಿಗೆ ಮರಳು, ಸುಣ್ಣ ಬೆರೆಸಿ ಹಾಕಿದವರಿದ್ದಾರೆ. ಅಕ್ಕಿ ತೌಡಿಗೆ ಬೆಲ್ಲದ ನೀರು ಬೆರೆಸಿ, ಒಂದು ದಿನ ಹುದುಗಿಸಿ, ಅದಕ್ಕೆ ವಿಷ ಸೇರಿಸಿ ಸುಳಿಗಿಡುವ ಪಾಷಾಣದ ಉಂಡೆಯನ್ನು ಕೃಷಿ ಇಲಾಖೆಯವರು ಹಳ್ಳಿ ಹಳ್ಳಿಗೆ ಕಲಿಸಿದರು. ಯಾವ ದಾರಿ ಹಿಡಿದರೂ ಬೇಗ ಕಂಡವನು ಬದುಕಿದ, ತಡವಾಗಿ ಕಂಡವನು ಬೆಳೆ ಕಳೆದುಕೊಂಡ.

ಕರಾವಳಿಯವರಿಗೆ ಇದಕ್ಕಿಂತ ಹಳೆಯ ಪರಿಚಯವೊಂದಿದೆ, ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ. ಹೊಸ ಗರಿ ಬಿಚ್ಚಿಕೊಂಡಾಗ ಕತ್ತರಿಯಿಂದ ಓರೆಯಾಗಿ ಕತ್ತರಿಸಿದ ಹಾಗೆ ಕಂಡರೆ, ಆ ಮರಕ್ಕೆ ಅದು ಬಂದುಹೋಗಿದೆ ಎಂದು ಅರ್ಥ. ಹಿಂದಿನವರು ಮರ ಹತ್ತಿ, ಕಬ್ಬಿಣದ ಕೊಕ್ಕೆಯಿಂದ ಅದನ್ನು ಎಳೆದು ತೆಗೆಯುತ್ತಿದ್ದರು. ಅದು ಮೊಟ್ಟೆಯಿಟ್ಟು ಬೆಳೆಯುವುದು ಮಾತ್ರ ತೋಟದ ಮೂಲೆಯ ಗೊಬ್ಬರಗುಂಡಿಯಲ್ಲಿ. ದಪ್ಪ ಬಿಳಿಯ ಮರಿಗಳನ್ನು ನಾವೇ ನಮ್ಮ ಹಟ್ಟಿಯ ಗೊಬ್ಬರ ತಿನ್ನಿಸಿ ಸಾಕುತ್ತೇವೆ, ದೊಡ್ಡವಾದ ಮೇಲೆ ಅವು ನಮ್ಮದೇ ಮರ ಹತ್ತುತ್ತವೆ. ಈ ಮಾತನ್ನು ಮೂರನೆಯ ಕೋಣೆಯ ಮಕ್ಕಳು ನನಗೆ ಹೇಳಿಕೊಟ್ಟ ಮೇಲೆಯೇ ಕೋಟೆ ಒಡೆದ ನೆರೆಯವನೂ, ಗಲ್ಲಿ ಬಲ್ಲ ಸೈಕಲ್ ಕಳ್ಳನೂ ಒಂದೇ ಸಾಲಿನಲ್ಲಿ ನಿಂತ ಹಾಗೆ ಕಂಡರು. ಮೂರೂ ಕಡೆ ತೋಪು ಹೊರಕ್ಕೆ ಮುಖ ಮಾಡಿದೆ, ನಷ್ಟ ಪಕ್ಕದಿಂದಲೋ ಒಳಗಿನಿಂದಲೋ ಬಂದಿದೆ.

ಹುಳುವೆಲ್ಲ ಶತ್ರುವೆಂದು ತಿಳಿದು ಮನೆಗೆ ಹೋಗಬೇಡಿ. 2008ರಲ್ಲಿ ಕೊಯಮತ್ತೂರಿನ ಕಡೆ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟುತಿಗಣೆ, ಪಪ್ಪಾಯಿ ಮಾತ್ರವಲ್ಲ, ರೇಷ್ಮೆಗೆ ಬೇಕಾದ ಹಿಪ್ಪುನೇರಳೆಯನ್ನೂ ಹಾಳು ಮಾಡಿತು. ಔಷಧಿಗೆ ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೀಟಶಾಸ್ತ್ರಜ್ಞರು ಪೋರ್ಟೊ ರಿಕೊದಿಂದ ಒಂದು ಪುಟ್ಟ ಕಣಜವನ್ನು ತರಿಸಿದರು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಅದು ತಿಗಣೆಯ ಒಳಗೇ ಮೊಟ್ಟೆಯಿಡುತ್ತದೆ. ಬಿಟ್ಟ ಕೆಲವೇ ತಿಂಗಳಲ್ಲಿ ತೋಟಗಳು ಚೇತರಿಸಿಕೊಂಡವು. ಪೊಲೀಸನನ್ನೂ ಕೀಟಗಳ ಜಾತಿಯಿಂದಲೇ ಆರಿಸಿದರು ನೋಡಿ! ಹೂವು ಬಿಟ್ಟಾಗ ವಿಷ ಹೊಡೆದು ಇಂಥ ಕಣಜ, ಜೇನು, ಜೇಡಗಳನ್ನು ಕೊಲ್ಲುವ ರೈತ ತನ್ನ ಕಾವಲುಗಾರನನ್ನೇ ಕೊಂದುಕೊಳ್ಳುತ್ತಾನೆ. ಈ ವಿಷಯದಲ್ಲಿ ಔಷಧಿ ಅಂಗಡಿಯವರ ಮಾತಿಗಿಂತ ನಮ್ಮ ಧಾರವಾಡ, ಶಿವಮೊಗ್ಗ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳ ಮಾತಿಗೆ ಬೆಲೆ ಹೆಚ್ಚು ಕೊಡಬೇಕು ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಭಾಷಣ ಉದ್ದವಾಯಿತು, ಹಿಂದೆ ದೋಸೆಯ ಕಾವಲಿ ಕಾದ ವಾಸನೆ ಬರುತ್ತಿದೆ. ಪ್ರದರ್ಶನ ಉದ್ಘಾಟನೆಯಾಯಿತು ಎಂದು ಸಂತೋಷದಿಂದ ಘೋಷಿಸುತ್ತೇನೆ. ಒಂದೇ ಕೋರಿಕೆ. ಮಕ್ಕಳು ಮಾಡಿದ ಫಲಕಗಳನ್ನು ಪೂರ್ತಿ ಓದಿ, ಅವರನ್ನು ಪ್ರಶ್ನೆ ಕೇಳಿ, ಉತ್ತರ ಬರುವ ತನಕ ಕಾಯಿರಿ. ಮನೆಗೆ ಹೋದ ಮೇಲೆ ಸೈಕಲ್ ತಲೆಕೆಳಗೆ ಮಾಡಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಊರಿಗೆ ಫೋನ್ ಮಾಡಿ, ತೋಟ ನೋಡಿಕೊಳ್ಳುವ ಅಣ್ಣನೋ ಮಾವನೋ ಗೊಬ್ಬರಗುಂಡಿ ಕೆದಕಿ ನೋಡಿದ್ದಾರೆಯೇ ಎಂದು ಮಳೆಗಾಲದ ಮುಂಚೆಯೇ ವಿಚಾರಿಸಿ.