ಪರೀಕ್ಷೆ ಕೈಗಾಗಲಿ, ಕುಲಕ್ಕಲ್ಲ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)

ನಿಮ್ಮಲ್ಲಿ ಹಲವರು ಎಕ್ಸ್‌ರೇ ಡಿಪ್ಲೊಮಾಕ್ಕೆ ಸೇರಿದ್ದೀರಿ. ಬೇಗ ಕೆಲಸ ಸಿಗುತ್ತೆ, ಮನೆಗೆ ನಾಲ್ಕು ಕಾಸು ಬರುತ್ತೆ ಅಂತ ಸೇರಿದವರೇ ಹೆಚ್ಚು. ಅದರಲ್ಲಿ ತಪ್ಪೇನಿಲ್ಲ. ಆದರೆ ಓದಿನ ಕೊನೆಗೆ ಕೈಗೆ ಬರುವ ಸರ್ಟಿಫಿಕೇಟು ಏನು ಹೇಳಬೇಕು ಅನ್ನೋದನ್ನ ನಾವು ಇವತ್ತು ಯೋಚಿಸಬೇಕು.

ಎದೆಯ ಎಕ್ಸ್‌ರೇ ಒಂದನ್ನೇ ತಗೊಳ್ಳಿ. ರೋಗಿಯ ಹೆಸರು ಕೇಳಿ ಚೀಟಿಗೆ ತಾಳೆ ನೋಡಬೇಕು. ಹೆಂಗಸಾದರೆ ಬಸುರಿಯೇ ಅಂತ ಮರ್ಯಾದೆಯಿಂದ ವಿಚಾರಿಸಬೇಕು. ಎದೆಯನ್ನು ಕ್ಯಾಸೆಟ್ಟಿಗೆ ಒತ್ತಿ ನಿಲ್ಲಿಸಬೇಕು. ಟ್ಯೂಬು ಬೆನ್ನ ಹಿಂದೆ ಸುಮಾರು 180 ಸೆಂಟಿಮೀಟರ್, ಅಂದ್ರೆ ಆರಡಿ ದೂರ ಇರಬೇಕು. ಹತ್ತಿರ ಬಂದರೆ ಹೃದಯ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತೆ. ಕಿರಣ ಬೇಡದ ಕಡೆ ಚೆಲ್ಲದ ಹಾಗೆ ಕಿರಿದು ಮಾಡಬೇಕು. ಎಡಬಲದ ಗುರುತು ಇಡಬೇಕು. ಉಸಿರು ಎಳೆದು ಹಿಡಿಯೋದನ್ನ ರೋಗಿಗೆ ತಿಳಿಯೋ ಮಾತಲ್ಲಿ ಹೇಳಬೇಕು. ಇದು ತಪ್ಪಿದರೆ ಎಷ್ಟೋ ಸಲ ಮತ್ತೆ ತೆಗೀಬೇಕಾಗುತ್ತೆ. ಆ ಎರಡನೇ ಸಲದ ಕಿರಣ ಯಾರ ಮೈಮೇಲೆ ಬೀಳೋದು? ಸರ್ಕಾರಿ ಆಸ್ಪತ್ರೆ ಸಾಲಲ್ಲಿ ನಿಂತ ನಮ್ಮ ಅವ್ವ, ಅಪ್ಪನ ಮೈಮೇಲೆ.

ಇಷ್ಟೆಲ್ಲ ಕೈಗೆ ಬಂದಿದೆಯೋ ಇಲ್ಲವೋ ಅಂತ ಮೂರು ಗಂಟೆ ಬರೆದ ಉತ್ತರಪತ್ರಿಕೆ ಹೇಳೋದಿಲ್ಲ. ಮೌಖಿಕ ಪರೀಕ್ಷೆಯೋ? ಯಾವೂರು, ಯಾವ ಹಾಸ್ಟೆಲು ಅನ್ನೋದೇ ಮೊದಲ ಪ್ರಶ್ನೆಯಾದರೆ ಅಂಕದ ಗತಿ ಏನಂತ ನಮಗೂ ನಿಮಗೂ ಗೊತ್ತು. ಮೆಷಿನ್ ಮುಟ್ಟಿಸದೆ ಟ್ರಾಲಿ ತಳ್ಳಿಸಿ, ರಿಜಿಸ್ಟರ್ ಬರೆಸಿ, ಕೊನೆಗೆ 'ತರಬೇತಿ ಆಯ್ತು' ಅಂತ ಸಹಿ ಹಾಕಿದರೆ ಅದು ಉಪಕಾರ ಅಲ್ಲ, ಮೋಸ.

ಬೇರೆ ದಾರಿ ಇದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗಾಗಿ ಒಂದು ಹೊಸ ಪರೀಕ್ಷಾ ಕ್ರಮವನ್ನು ಪ್ರಕಟಿಸಿದರು. ಈಗ ಅದನ್ನ ಓಸ್ಕಿ ಅಂತಾರೆ. ಸಾಲಾಗಿ ಹಲವು ಮೇಜು. ಮೇಜಿಗೊಂದು ಕೆಲಸ, ಇಷ್ಟೇ ನಿಮಿಷ. ಸಾಹುಕಾರನ ಮಗನಿಗೂ ಕೂಲಿಯವನ ಮಗಳಿಗೂ ಅದೇ ಕೆಲಸ. ಪರೀಕ್ಷಕನ ಕೈಲಿ ಮೊದಲೇ ಬರೆದ ಪಟ್ಟಿ: ಇದನ್ನ ಮಾಡಿದರೋ, ಇಲ್ಲವೋ. ಅಮೆರಿಕದಲ್ಲಿ ರೇಡಿಯೋಗ್ರಾಫರುಗಳ ನೋಂದಣಿ ಸಂಸ್ಥೆ 1922ರಲ್ಲೇ ಹುಟ್ಟಿತು. ಇವತ್ತು ಅಲ್ಲಿ ಪಟ್ಟಿಯಲ್ಲಿರುವ ಕೆಲಸಗಳನ್ನು ಮಾಡಿ ತೋರಿಸಿದ ಮೇಲೇ ಅದರ ಪರೀಕ್ಷೆಗೆ ಅರ್ಹತೆ.

ಪಟ್ಟಿ ಹಿಡಿದವನೂ ಮೋಸ ಮಾಡಬಹುದು, ನಿಜ. ಆದರೆ ಬರೆದಿಟ್ಟದ್ದನ್ನ 'ತೋರಿಸಿ' ಅಂತ ಕೇಳಬಹುದು. ಮನಸ್ಸಲ್ಲಿಟ್ಟದ್ದನ್ನ ಕೇಳೋಕಾಗಲ್ಲ.

ನಮ್ಮ ದೇಶದಲ್ಲೂ ಅರೆವೈದ್ಯಕೀಯ ವೃತ್ತಿಗಳಿಗೆ 2021ರಲ್ಲಿ ರಾಷ್ಟ್ರೀಯ ಆಯೋಗದ ಕಾಯ್ದೆ ಆಯಿತು. ಕಲಿತವರ ಹೆಸರು ದಾಖಲಿಸುವ ರಿಜಿಸ್ಟರು ಅದರಲ್ಲಿದೆ. ಆ ರಿಜಿಸ್ಟರಿಗೆ ಹೋಗುವ ಬಾಗಿಲು ಬರೀ ಬರವಣಿಗೆಯ ಪರೀಕ್ಷೆ ಆಗಬಾರದು.

ಅದಕ್ಕೇ ನಾವು ಕೇಳೋದು ಇಷ್ಟು. ಮೊದಲ ದಿನವೇ ಕೆಲಸಗಳ ಪಟ್ಟಿ ನಮ್ಮ ಕೈಗೆ ಕೊಡಿ. ಒಂದೊಂದನ್ನೂ ನಮ್ಮ ಕೈಯಿಂದ ಮಾಡಿಸಿ ಸಹಿ ಹಾಕಿ. ಎಕ್ಸ್‌ರೇ ಕೋಣೆಗೆ ಕಳಿಸುವ ಮುಂಚೆ ಸೀಸದ ಏಪ್ರನ್ನು, ಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜು ಕೊಡಿ. ಪರೀಕ್ಷೆಯಲ್ಲಿ ಹೆಸರಿನ ಬದಲು ನಂಬರಿರಲಿ.

ಗೆಳೆಯರೆ, ದಯೆಯ ಅಂಕ ನಮಗೆ ಬೇಡ. ಕೆಲಸ ಬಾರದ ನಮ್ಮ ಹುಡುಗ ಪಾಸಾದರೂ ಪೆಟ್ಟು ತಿನ್ನೋರು ನಮ್ಮೋರೇ. ಫೇಲಾದರೆ ಎಲ್ಲಿ ತಪ್ಪಿದೆ ಅಂತ ಪಟ್ಟಿ ತೋರಿಸಲಿ. ಮತ್ತೆ ಕಲಿಸಲಿ, ಮತ್ತೆ ಪರೀಕ್ಷೆ ಮಾಡಲಿ. ನಾವು ಮಾಡಿ ತೋರಿಸ್ತೀವಿ.