ವೈದ್ಯ ವಿದ್ಯಾರ್ಥಿಗಳ ಶರೀರರಚನಾ ಪಾಠ ಮತ್ತು ನಮ್ಮ ವಿದ್ಯಾರ್ಥಿವೇತನ

(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣದ ಬರಹರೂಪ)

 



ಕಾರ್ಯದರ್ಶಿಗಳು ನನಗೆ ಒಂದು ಪ್ರಶ್ನೆ ಕೊಟ್ಟು, ಅದಕ್ಕೆ ಉತ್ತರ ಹೇಳಿ ಕುಳಿತುಕೊಳ್ಳಿ ಎಂದಿದ್ದಾರೆ. ಈ ಸಲ ವೈದ್ಯಕೀಯ ಮೊದಲ ವರ್ಷಕ್ಕೆ ಸೇರಿದ ಮಕ್ಕಳ ಅರ್ಜಿಗಳಲ್ಲಿ ಶುಲ್ಕ, ಹಾಸ್ಟೆಲ್, ಪುಸ್ತಕದ ಜೊತೆಗೆ ಒಂದು ಹೊಸ ಬೇಡಿಕೆ ಸೇರಿದೆ: ಟ್ಯಾಬ್ಲೆಟ್, ಮತ್ತು ಅದಕ್ಕೆ ಇಂಟರ್ನೆಟ್ ಖರ್ಚು. ಕೆಲವು ದಾನಿಗಳು, 'ಮಾಸ್ತರರೆ, ನಾವು ಕೊಡುವ ದುಡ್ಡು ಓದಿಗೆ, ಮೊಬೈಲ್ ಆಟಕ್ಕಲ್ಲ' ಎಂದಿದ್ದಾರೆ. ಅವರ ಮಾತು ನ್ಯಾಯವಾದದ್ದೇ. ಬೆವರಿನ ದುಡ್ಡು ಕೊಡುವವರಿಗೆ ಕೇಳುವ ಹಕ್ಕಿದೆ.

ನಾನು ವೈದ್ಯನಲ್ಲ. ಬಿ.ಎಡ್. ಮಾಡಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು. ನನ್ನ ಕೈಯಲ್ಲಿ ಕಲಿತ ಮಕ್ಕಳು ಕಲಬುರಗಿಗೆ, ಬೀದರಿಗೆ, ವಿಜಯಪುರಕ್ಕೆ ಹೋಗಿ ವೈದ್ಯಕೀಯ ಓದಿದ್ದಾರೆ. ರಜೆಗೆ ಬಂದಾಗ ಅವರು ಹೇಳಿದ್ದನ್ನು ಕೇಳಿ, ನಾನೂ ಅಷ್ಟಿಷ್ಟು ಓದಿ, ಈ ಮಾತು ಆಡುತ್ತಿದ್ದೇನೆ.

ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ಮೂರು ಮುಖ್ಯ ವಿಷಯ. ಅದರಲ್ಲಿ ಮಕ್ಕಳು ಹೆಚ್ಚು ಹೆದರುವುದು ಅನಾಟಮಿಗೆ, ಅಂದರೆ ಶರೀರರಚನಾ ಶಾಸ್ತ್ರಕ್ಕೆ. 206 ಎಲುಬು, ಆರುನೂರಕ್ಕೂ ಮಿಕ್ಕಿದ ಸ್ನಾಯುಗಳು, ಒಂದೊಂದಕ್ಕೂ ರಕ್ತನಾಳ, ನರ, ಹೆಸರು. ಆ ಹೆಸರುಗಳೋ ಲ್ಯಾಟಿನ್, ಗ್ರೀಕ್. ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಉರ್ದುವಿನಲ್ಲೂ ಬರೆಯಬಹುದು. ಆದರೆ ನಮ್ಮ ಕಾಲೇಜುಗಳ ಒಳಗೆ ಹೋದ ಮೇಲೆ ಪಾಠ ಇಂಗ್ಲಿಷಿನಲ್ಲೇ. ಮಧ್ಯಪ್ರದೇಶದಲ್ಲಿ 2022ರಲ್ಲಿ ಹಿಂದಿ ಪಠ್ಯಪುಸ್ತಕ ತಂದರು. ನಮ್ಮ ಮಕ್ಕಳಿಗೆ ಅಂಥದ್ದಿಲ್ಲ. ಕನ್ನಡ ಮಾಧ್ಯಮದ ಹುಡುಗನಿಗೆ ಅದು ಧಮನಿ, ಉರ್ದು ಮಾಧ್ಯಮದ ಹುಡುಗಿಗೆ ಶಿರ್ಯಾನ್, ಅಲ್ಲಿ ಹೋದರೆ ಆರ್ಟರಿ. ಇನ್ನು ನಮ್ಮ ಊರ ಮಾತಿನಲ್ಲಿ ಎಲ್ಲವೂ 'ನರ'. ಕೈ ಮೇಲೆ ನೀಲಿಯಾಗಿ ಕಾಣುವುದೂ ನರ, ಸೊಂಟ ಹಿಡಿದರೂ ನರ! ಒಂದು ರಕ್ತನಾಳ, ಇನ್ನೊಂದು ನಿಜವಾದ ನರ ಎಂದು ಬಿಡಿಸಿ ಹೇಳಲು ನಾನು ಪ್ರತಿ ವರ್ಷ ಒಂದು ಪೀರಿಯಡ್ ಕಳೆಯುತ್ತಿದ್ದೆ.

ಒಂದು ಉದಾಹರಣೆ ಕೊಡುತ್ತೇನೆ. ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಜಾಲವೊಂದಿದೆ, ಬ್ರೇಕಿಯಲ್ ಪ್ಲೆಕ್ಸಸ್ ಅಂತ. ಹುಮನಾಬಾದಿನಲ್ಲಿ ಹೈದರಾಬಾದ್, ಸೊಲ್ಲಾಪುರ, ಬೀದರ, ಕಲಬುರಗಿ ರಸ್ತೆಗಳು ಕೂಡುವುದನ್ನು ನೀವೆಲ್ಲ ನೋಡಿದ್ದೀರಿ. ಇದು ಅದಕ್ಕಿಂತ ಗೋಜಲು. ಬೆನ್ನುಹುರಿಯಿಂದ ಐದು ಬೇರು ಹೊರಡುತ್ತವೆ, ಅವು ಮೂರು ಕಾಂಡಗಳಾಗಿ ಕೂಡುತ್ತವೆ, ಆರು ಕವಲಾಗಿ ಒಡೆಯುತ್ತವೆ, ಮತ್ತೆ ಮೂರು ಹುರಿಗಳಾಗಿ ಹೆಣೆದುಕೊಳ್ಳುತ್ತವೆ, ಕೊನೆಗೆ ಐದು ಮುಖ್ಯ ನರಗಳಾಗಿ ಕೈಗೆ ಇಳಿಯುತ್ತವೆ. ಇದೆಲ್ಲ ಕತ್ತಿನ ಎಲುಬಿನ ಹಿಂದೆ, ಮೊದಲ ಪಕ್ಕೆಲುಬಿನ ಮೇಲೆ, ಕಂಕುಳಿನ ದೊಡ್ಡ ರಕ್ತನಾಳವನ್ನು ಸುತ್ತಿಕೊಂಡು ಹೋಗುತ್ತದೆ. ಕರಿಹಲಗೆಯ ಮೇಲೆ ಇದನ್ನು ಬರೆದರೆ ರಂಗೋಲಿಯಾಗುತ್ತದೆ. ಮಗು ಬಾಯಿಪಾಠ ಮಾಡುತ್ತದೆ, ಹಿಂದೆ ಯಾವುದು ಮುಂದೆ ಯಾವುದು ತಿಳಿಯುವುದಿಲ್ಲ.

ತಿಳಿಯದಿದ್ದರೆ ಏನಾಯಿತು? ಹೆದ್ದಾರಿಯಲ್ಲಿ ಮೋಟಾರ್ ಸೈಕಲ್ಲಿನಿಂದ ಬಿದ್ದವನನ್ನು ತರುತ್ತಾರೆ. ತೋಳಿನ ಎಲುಬು ನಡುವೆ ಮುರಿದಿದೆ. ಆ ಎಲುಬಿನ ಹಿಂಬದಿಗೆ ಅಂಟಿಕೊಂಡಂತೆ ರೇಡಿಯಲ್ ನರ ಸುತ್ತಿ ಹೋಗುತ್ತದೆ. ಅದಕ್ಕೆ ಪೆಟ್ಟಾಗಿದ್ದರೆ ಮಣಿಕಟ್ಟು ಮೇಲೇಳುವುದಿಲ್ಲ, ಜೋತು ಬೀಳುತ್ತದೆ. ವೈದ್ಯನಾದವನು ಪಟ್ಟಿ ಹಾಕುವ ಮೊದಲೇ 'ಕೈ ಎತ್ತು ನೋಡೋಣ' ಎಂದು ಕೇಳಬೇಕು. ಅದು ನೆನಪಾಗಬೇಕಾದರೆ ಆ ನರದ ದಾರಿ ಅವನ ಕಣ್ಣಮುಂದೆ ನಿಂತಿರಬೇಕು.

ಟ್ಯಾಬ್ಲೆಟ್ ಉಪಯೋಗಕ್ಕೆ ಬರುವುದು ಇಲ್ಲಿ. ಪರದೆಯ ಮೇಲೆ ತೋಳನ್ನು ಬೆರಳಿನಿಂದ ತಿರುಗಿಸಬಹುದು. ಚರ್ಮ ತೆಗೆಯಬಹುದು, ಒಂದೊಂದೇ ಸ್ನಾಯು ಸರಿಸಬಹುದು, ಮತ್ತೆ ಹಾಕಬಹುದು. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ಕೋಣೆಯಲ್ಲಿ ಹತ್ತು ಸಲ ಮಾಡಬಹುದು, ಯಾರೂ 'ಇಷ್ಟೂ ಗೊತ್ತಾಗಲಿಲ್ಲವೆ' ಎಂದು ನಗುವುದಿಲ್ಲ. ತಂದೆಯೂ ವೈದ್ಯ, ತಾಯಿಯೂ ವೈದ್ಯೆ ಇರುವ ಮನೆಯ ಮಗುವಿಗೆ ಈ ಅನುಕೂಲ ಅಷ್ಟು ಮುಖ್ಯವಲ್ಲ. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗುವಿಗೆ, ಇಂಗ್ಲಿಷ್ ಉಪನ್ಯಾಸದಲ್ಲಿ ಅರ್ಧ ಮಾತ್ರ ಹಿಡಿದುಕೊಂಡ ಮಗುವಿಗೆ ಬಹಳ ಮುಖ್ಯ. ಮೊದಲು ಕಣ್ಣಿಗೆ ಕಂಡರೆ ಹೆಸರು ಆಮೇಲೆ ಅಂಟಿಕೊಳ್ಳುತ್ತದೆ. ನಾನು ಕಲಿಸಿದ ಅಷ್ಟೂ ವರ್ಷ ಕಂಡದ್ದು ಇದನ್ನೇ.

ಇನ್ನೊಂದು ಮಾತು. ಇಂದಿನ ವೈದ್ಯರು ರೋಗಿಯ ದೇಹದ ಒಳಗನ್ನು ನೋಡುವುದೇ ಪರದೆಯ ಮೇಲೆ. ಲಂಡನ್ನಿನಲ್ಲಿ 1971ರಲ್ಲಿ ಮೊದಲ ಬಾರಿ ರೋಗಿಯ ಮೇಲೆ ಸಿ.ಟಿ. ಸ್ಕ್ಯಾನ್ ಮಾಡಿದರು. ಅದನ್ನು ಕಂಡುಹಿಡಿದ ಹೌನ್ಸ್‌ಫೀಲ್ಡ್ ಅವರಿಗೆ 1979ರಲ್ಲಿ ನೊಬೆಲ್ ಬಂತು. ಸಿ.ಟಿ. ಚಿತ್ರ ಅಂದರೆ ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆ ಕತ್ತರಿಸಿದಂತೆ ದೇಹದ ಅಡ್ಡಕೊಯ್ತ. ಉದ್ದಕ್ಕೆ ಕಲಿತದ್ದನ್ನು ಅಡ್ಡಕ್ಕೆ ಗುರುತಿಸುವುದು ಬೇರೆಯೇ ವಿದ್ಯೆ. ಡಿಜಿಟಲ್ ಅನಾಟಮಿಯಲ್ಲಿ ಅದು ಸುಲಭ: ಒಂದು ಗೆರೆ ಎಳೆದರೆ ಅಲ್ಲಿಯೇ ಕೊಯ್ತ ಕಾಣುತ್ತದೆ. ಅನಾಟೊಮೇಜ್ ಎಂಬ ಅಮೆರಿಕದ ಕಂಪನಿ ಆಪರೇಷನ್ ಮೇಜಿನಷ್ಟೇ ದೊಡ್ಡ ಪರದೆ ಮಾಡಿ, ಆಳೆತ್ತರದ ದೇಹವನ್ನೇ ಅದರ ಮೇಲೆ ಮಲಗಿಸಿದೆ. ಅಂಥದ್ದನ್ನು ಕೊಳ್ಳುವುದು ಕಾಲೇಜುಗಳ ಕೆಲಸ, ನಮ್ಮದಲ್ಲ.

ಆ ಪರದೆಯ ಮೇಲಿನ ದೇಹ ಎಲ್ಲಿಂದ ಬಂತು ಗೊತ್ತೆ? ಅಮೆರಿಕದ ಟೆಕ್ಸಾಸಿನಲ್ಲಿ 1993ರಲ್ಲಿ ಕೊಲೆ ಅಪರಾಧಕ್ಕೆ ಮರಣದಂಡನೆಗೆ ಗುರಿಯಾದ ಜೋಸೆಫ್ ಪಾಲ್ ಜೆರ್ನಿಗನ್ ಎಂಬವನು ತನ್ನ ದೇಹವನ್ನು ವಿಜ್ಞಾನಕ್ಕೆ ಬರೆದುಕೊಟ್ಟಿದ್ದ. ಆ ದೇಹವನ್ನು ಹೆಪ್ಪುಗಟ್ಟಿಸಿ, ಒಂದೊಂದು ಮಿಲಿಮೀಟರ್ ಪದರ ತೆಗೆಯುತ್ತ, ಪ್ರತಿ ಪದರಕ್ಕೂ ಫೋಟೊ ಹಿಡಿದರು. ಒಟ್ಟು 1871 ಪದರ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1994ರಲ್ಲಿ ಅದನ್ನು ಲೋಕಕ್ಕೆ ತೆರೆಯಿತು. ಮರುವರ್ಷ ಒಬ್ಬ ಮಹಿಳೆಯ ದೇಹ, ಇನ್ನೂ ತೆಳುವಾಗಿ, ಐದು ಸಾವಿರಕ್ಕೂ ಹೆಚ್ಚು ಪದರಗಳಲ್ಲಿ. ಆಕೆಯ ಹೆಸರನ್ನು ಹೇಳಲಿಲ್ಲ. ವಿಸಿಬಲ್ ಹ್ಯೂಮನ್ ಪ್ರಾಜೆಕ್ಟ್ ಎಂದು ಅದರ ಹೆಸರು. ಮುಂದೆ ಬಂದ ಎಷ್ಟೋ ಡಿಜಿಟಲ್ ದೇಹಗಳಿಗೆ ಅದೇ ಬುನಾದಿ. ಆಟದ ಗೊಂಬೆಯಂತೆ ಕಾಣುವ ಆ ಚಿತ್ರದ ಹಿಂದೆಯೂ ಹುಟ್ಟಿ ಸತ್ತ ಮನುಷ್ಯರಿದ್ದಾರೆ. ಅದನ್ನು ತೆರೆಯುವಾಗ ಮಕ್ಕಳಿಗೆ ಇದು ತಿಳಿದಿರಲಿ.

ಹಾಗಾದರೆ ಪರದೆ ಇದ್ದರೆ ಸಾಕೆ, ಶವ ಕೊಯ್ದು ಕಲಿಯುವುದು ಬೇಡವೆ? ಬೇಕು. ಪರದೆಯಲ್ಲಿ ಧಮನಿ ಕೆಂಪು, ಅಭಿಧಮನಿ ನೀಲಿ, ನರ ಹಳದಿ. ಫಾರ್ಮಲಿನ್‌ನಲ್ಲಿಟ್ಟ ದೇಹದಲ್ಲಿ ಮೂರೂ ಒಂದೇ ಮಸುಕು ಬಣ್ಣ. ಬಣ್ಣ ನೋಡಿ ಕಲಿತ ಮಗು ಅಲ್ಲಿ ತಬ್ಬಿಬ್ಬಾಗುತ್ತದೆ. ಬೆರಳಿನ ನಡುವೆ ಹಿಡಿದು, ಇದು ಗಟ್ಟಿ ಹಗ್ಗದಂತಿದೆ, ಇದು ಟೊಳ್ಳು ಎಂದು ಗುರುತಿಸಬೇಕು. ಮೇಲಾಗಿ ಪರದೆಯಲ್ಲಿರುವುದು ಒಂದೇ ಮಾದರಿ. ಅಲ್ಲಾಹನು ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಮಾಡಿಲ್ಲ. ಈಗಲೇ ನೋಡಿ: ಹೆಬ್ಬೆರಳು ಮತ್ತು ಕಿರುಬೆರಳ ತುದಿ ಕೂಡಿಸಿ, ಮಣಿಕಟ್ಟನ್ನು ಸ್ವಲ್ಪ ಒಳಗೆ ಬಗ್ಗಿಸಿ. ನಡುವೆ ದಾರದಂತೆ ಒಂದು ಎದ್ದು ಬಂತೆ? ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ತುದಿ. ಮುಂದಿನ ಸಾಲಿನಲ್ಲಿಯೇ ಇಬ್ಬರು ತಲೆಯಾಡಿಸುತ್ತಿದ್ದಾರೆ, ಅವರಿಗೆ ಬಂದಿಲ್ಲ. ಗಾಬರಿ ಬೇಡ, ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ, ಅದಿಲ್ಲದೆ ಯಾವ ಕೆಲಸವೂ ನಿಲ್ಲುವುದಿಲ್ಲ. ಇಂಥ ವ್ಯತ್ಯಾಸಗಳನ್ನು ಕಲಿಸುವುದು ನಿಜವಾದ ದೇಹ.

ದೇಶದ ಹೊಸ ವೈದ್ಯಕೀಯ ಪಠ್ಯಕ್ರಮ 2019ರಲ್ಲಿ ಜಾರಿಗೆ ಬಂದಾಗ, ಮೊದಲ ವರ್ಷದ ಮಕ್ಕಳಿಗೆ ಶವವೇ ಮೊದಲ ಗುರು ಎಂಬ ಪಾಠವನ್ನೇ ಇಟ್ಟರು. ಬೆಳಗಾವಿಯಲ್ಲಿ 2010ರಲ್ಲಿ ಡಾ. ಮಹಾಂತೇಶ ರಾಮಣ್ಣವರ ಅವರು ತಮ್ಮ ತಂದೆಯವರ ಇಚ್ಛೆಯಂತೆ, ಅವರ ದೇಹವನ್ನೇ ವಿದ್ಯಾರ್ಥಿಗಳ ಮುಂದೆ ತೆರೆದು ಪಾಠ ಹೇಳಿದರು. ತಂದೆಯೂ ವೈದ್ಯರಾಗಿದ್ದವರು. ಅಂಥ ಮನಸ್ಸು ಎಲ್ಲರಿಗೂ ಬರುವುದಿಲ್ಲ, ಬರಬೇಕೆಂದು ನಾನು ಒತ್ತಾಯಿಸುವುದೂ ಇಲ್ಲ. ಆದರೆ ಯಾರೋ ಕೊಟ್ಟ ದೇಹದಿಂದ ನಮ್ಮ ಮಕ್ಕಳು ಕಲಿಯುತ್ತಿದ್ದಾರೆ. ರಾತ್ರಿ ಪರದೆಯಲ್ಲಿ ಸಿದ್ಧವಾಗಿ ಹೋದವನು ಬೆಳಗ್ಗೆ ಆ ದೇಹವನ್ನು ವ್ಯರ್ಥವಾಗಿ ಕೆದಕುವುದಿಲ್ಲ. ನನ್ನ ಮಟ್ಟಿಗೆ ಟ್ಯಾಬ್ಲೆಟ್ಟಿನ ದೊಡ್ಡ ಉಪಯೋಗ ಇದೇ.

ಕೊರೊನಾ ಕಾಲದಲ್ಲಿ ಇದರ ಉಲ್ಟಾ ನೋಡಿದ್ದೇವೆ. 2020ರ ಮಾರ್ಚಿನಲ್ಲಿ ಕಾಲೇಜು ಮುಚ್ಚಿದಾಗ ಪಾಠವೆಲ್ಲ ಫೋನಿಗೆ ಬಂತು. ನಮ್ಮ ತಾಲೂಕಿನ ಒಬ್ಬ ಹುಡುಗಿ ಸಿಗ್ನಲ್ಲಿಗಾಗಿ ಮಾಳಿಗೆ ಹತ್ತಿ, ತಂದೆಯ ಫೋನಿನ ಅಂಗೈಯಗಲದ ಪರದೆಯಲ್ಲಿ ಹೊಟ್ಟೆಯ ಅಂಗಾಂಗ ಕಲಿತಳು. ತಂದೆ ಸಂತೆಗೆ ಹೋದ ದಿನ ಪಾಠ ಇಲ್ಲ. ಅವಳ ಸಹಪಾಠಿಗಳಲ್ಲಿ ಎಷ್ಟೋ ಜನರಿಗೆ ಸ್ವಂತ ಲ್ಯಾಪ್‌ಟಾಪ್ ಇತ್ತು. ಪರೀಕ್ಷೆ ಮಾತ್ರ ಇಬ್ಬರಿಗೂ ಒಂದೇ.

ಈಗ ನನ್ನ ಸಲಹೆ. ಹಿಂದೆ ಮೊದಲ ವರ್ಷದ ಮಕ್ಕಳು ನಿಜವಾದ ಎಲುಬುಗಳ ಸೆಟ್ ಇಟ್ಟುಕೊಂಡು ಓದುತ್ತಿದ್ದರು. ಒಂದು ಕಾಲದಲ್ಲಿ ಭಾರತದಿಂದ ಮನುಷ್ಯರ ಅಸ್ಥಿಪಂಜರಗಳು ಲೋಕಕ್ಕೆಲ್ಲ ಹೋಗುತ್ತಿದ್ದವು. ಸರಕಾರ 1985ರಲ್ಲಿ ಆ ರಫ್ತು ನಿಲ್ಲಿಸಿತು. ಹಾಸ್ಟೆಲ್ಲುಗಳಲ್ಲಿ ಎಲುಬಿನ ಸೆಟ್ ಹಿರಿಯರಿಂದ ಕಿರಿಯರಿಗೆ, ಅವರಿಂದ ಮುಂದಿನವರಿಗೆ ದಾಟುತ್ತಿತ್ತು. ಟ್ಯಾಬ್ಲೆಟ್ಟನ್ನೂ ಹಾಗೆಯೇ ಮಾಡೋಣ. ಯಾರಿಗೂ ಕೊಟ್ಟುಬಿಡುವುದು ಬೇಡ. ಟ್ರಸ್ಟಿನ ಹೆಸರಿನಲ್ಲಿ ಕೆಲವನ್ನು ಕೊಂಡು ಮೊದಲ ವರ್ಷಕ್ಕೆ ಎರವಲು ಕೊಡೋಣ. ವರ್ಷ ಮುಗಿದ ಮೇಲೆ ಮುಂದಿನ ಮಗುವಿಗೆ ಹೋಗಲಿ. ನರ್ಸಿಂಗ್, ಫಿಸಿಯೊಥೆರಪಿ ಮಕ್ಕಳಿಗೂ, ತಶ್ರೀಹುಲ್ ಬದನ್ ಎಂಬ ಹೆಸರಿನಲ್ಲಿ ಇದನ್ನೇ ಕಲಿಯುವ ಯುನಾನಿ ಮಕ್ಕಳಿಗೂ ಸಿಗಲಿ. ದುಬಾರಿ ಸಾಫ್ಟ್‌ವೇರ್ ತಕ್ಷಣ ಬೇಕಿಲ್ಲ. ಝಡ್-ಅನಾಟಮಿಯಂಥವು ಉಚಿತವಾಗಿವೆ, ಕಂಪ್ಯೂಟರಿಗೆ ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ರಾಜೀವ್ ಗಾಂಧಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ಮಕ್ಕಳು ಅದರ ಹೆಲಿನೆಟ್ ಡಿಜಿಟಲ್ ಗ್ರಂಥಾಲಯದ ಬಗ್ಗೆ ತಮ್ಮ ಲೈಬ್ರರಿಯಲ್ಲಿ ಮೊದಲ ವಾರವೇ ವಿಚಾರಿಸಬೇಕು. ಒಬ್ಬ ದಾನಿ ಪ್ರೀತಿಯಿಂದ, ಕಣ್ಣಿಗೆ ಕಟ್ಟಿಕೊಳ್ಳುವ ವಿ.ಆರ್. ಯಂತ್ರ ಕೊಡಿಸುತ್ತೇನೆ ಎಂದಿದ್ದಾರೆ. ಅವರಿಗೆ ನನ್ನ ವಿನಂತಿ: ಆ ದುಡ್ಡಿಗೆ ಟ್ಯಾಬ್ಲೆಟ್ಟುಗಳನ್ನೇ ಕೊಡಿಸಿ, ಹೆಚ್ಚು ಮಕ್ಕಳಿಗೆ ಆಗುತ್ತದೆ. ಆ ಯಂತ್ರ ಕಟ್ಟಿಕೊಂಡರೆ ಕೆಲವರಿಗೆ ತಲೆಯೂ ಸುತ್ತುತ್ತದೆ.

ಒಂದು ಷರತ್ತು ಇಡಬೇಕು. ಪರದೆಯಲ್ಲಿ ಹೆಸರುಗಳು ಸದಾ ತೋರುತ್ತಿದ್ದರೆ ಮಗುವಿಗೆ ಎಲ್ಲ ಗೊತ್ತಿದೆ ಎಂಬ ಭ್ರಮೆ ಬರುತ್ತದೆ. ಆದ್ದರಿಂದ ಎರವಲು ಪಡೆದವರು, ಟ್ಯಾಬ್ಲೆಟ್ ಮುಚ್ಚಿಟ್ಟು ಪೆನ್ಸಿಲಿನಲ್ಲಿ ಕೈಯಾರೆ ಬರೆದ ಹತ್ತು ಚಿತ್ರಗಳನ್ನು, ಮುಂದಿನ ಕಂತಿನ ಅರ್ಜಿಯ ಜೊತೆ ತರಬೇಕು. ಕಾರ್ಯದರ್ಶಿಗಳು ನಗುತ್ತಿದ್ದಾರೆ, ಮಾಸ್ತರಿಕೆ ಬಿಡಲಿಲ್ಲ ಅಂತ. ನಗಲಿ. ಚಿತ್ರ ಚೆಂದ ಇರಬೇಕಿಲ್ಲ, ನರ ಎಲುಬಿನ ಹಿಂದಿದೆಯೋ ಮುಂದಿದೆಯೋ ಸರಿಯಿದ್ದರೆ ಸಾಕು. ನೋಡುವ ಕೆಲಸವನ್ನು ನಾನೇ ಮಾಡುತ್ತೇನೆ, ಬಸವಕಲ್ಯಾಣದವರದ್ದು ಮನೆಯಲ್ಲಿ, ಹುಮನಾಬಾದದವರದ್ದು ತಿಂಗಳಿಗೊಮ್ಮೆ ಅಲ್ಲಿಗೇ ಬಂದು.

ಪೋಷಕರಿಗೆ ಕಡೆಯ ಮಾತು: ಟ್ಯಾಬ್ಲೆಟ್ ಬೇಕಾದವರು ಅರ್ಜಿಯಲ್ಲಿ ಅದನ್ನು ಬೇರೆಯಾಗಿ ಬರೆಯಿರಿ. ಮನೆಯಲ್ಲಿ ಎಷ್ಟು ಜನ ಓದುತ್ತಿದ್ದಾರೆ, ಎಷ್ಟು ಫೋನುಗಳಿವೆ ಎಂಬುದನ್ನು ಇದ್ದಂತೆ ತಿಳಿಸಿ. ಪ್ರವೇಶಪತ್ರದ ನಕಲು ಲಗತ್ತಿಸಿ. ದಾನಿಗಳಲ್ಲಿ ಯಾರ ಮನೆಯಲ್ಲಾದರೂ ಚೆನ್ನಾಗಿ ನಡೆಯುವ ಹಳೆಯ ಟ್ಯಾಬ್ಲೆಟ್ ಅಥವಾ ಲ್ಯಾಪ್‌ಟಾಪ್ ಸುಮ್ಮನೆ ಕುಳಿತಿದ್ದರೆ, ಚಾರ್ಜರ್ ಸಮೇತ ಕಚೇರಿಗೆ ತಲುಪಿಸಿ.